ಆವಲಪ್ಪ ಹಾಕಿದ ಸೀಲು

ಮಹದೇವಪುರದಲ್ಲಿ ಮೊದಲು ಸ್ಕೂಟರ್ ಓಡಿಸಿದ ಹೆಂಗಸು ನಾನು. ಇದನ್ನು ಹೇಳುವಾಗ ಈಗಲೂ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ.

ಆಗ ಎಂಬತ್ತೆರಡನೆಯ ಇಸವಿ. ವೈಟ್‌ಫೀಲ್ಡಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಬೆಳಗಿನ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಒಂದೇ ತಿಂಗಳಲ್ಲಿ ಮೂರು ಸಲ ತಡವಾದರೆ ಕೆಲಸದ ಆಸೆ ಬಿಡಬೇಕೆಂದು ಮುಖ್ಯೋಪಾಧ್ಯಾಯಿನಿ ಎಚ್ಚರಿಸಿದ್ದರು. ನನ್ನ ಗಂಡ ಶ್ಯಾಮಣ್ಣ ಕಾರ್ಖಾನೆಯ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ಎಂಟು ವರ್ಷ ಕಾದು ಪಡೆದ ಸ್ಕೂಟರು ಅಂಗಳದಲ್ಲಿ ಸುಮ್ಮನೆ ನಿಂತಿರುತ್ತಿತ್ತು.

"ಕಟ್ಟಾಕಿದ ಎತ್ತಿಗೆ ಮೇವು ದಂಡ. ನೀನೇ ಒಡ್ಕೊಂಡೋಗು ಮಗಾ" ಎಂದವರು ಮಾವ ರಾಮಾಂಜಿನಪ್ಪ. ಆ ಮನೆಯ ಯಜಮಾನರು. ಓದು ಬಾರದಿದ್ದರೂ ಹದಿನಾಲ್ಕನೆಯ ವಯಸ್ಸಿನಿಂದ ಎತ್ತಿನ ಗಾಡಿ ಹೊಡೆದವರು.

ಗಂಡನ ಅಣ್ಣ, ನನ್ನ ಭಾವ ವೆಂಕಟರಮಣಪ್ಪನವರಿಗೆ ಮಾತ್ರ ಇದು ಹಿಡಿಸಿರಲಿಲ್ಲ. "ಎಣ್ಣೆಂಗಸು ಸ್ಕೂಟ್ರು ಮೇಲೆ ಕುಂತ್ರೆ ಊರೋರು ಏನಂದಾರು?" ಎಂದು ನನಗೆ ಕೇಳುವ ಹಾಗೆಯೇ ಹೇಳುತ್ತಿದ್ದರು. ಮಾವನ ಮಾತಿಗೆ ಎದುರಿಲ್ಲದ್ದರಿಂದ ಒಂದು ವರ್ಷ ನಾನು ಹಾಗೇ ಓಡಾಡಿದೆ.

ದಸರಾ ಕಳೆದ ಮೇಲೆ ಹಿಂದಿನ ಚಕ್ರ ಕೂಗಲು ಶುರುಮಾಡಿತು. ವೇಗ ಹೆಚ್ಚಿದಂತೆ ಕೂಗೂ ಹೆಚ್ಚು. ಹೂಡಿ ರಸ್ತೆಯ ಹೊಂಗೆ ಮರದ ಕೆಳಗೆ ಮೆಕ್ಯಾನಿಕ್ ಆವಲಪ್ಪನ ಗ್ಯಾರೇಜು. ಅವನು ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ.

"ನೋಡಿ ಟೀಚರಮ್ಮ, ಹೆಂಗಾಡ್ತಾ ಇದೆ. ಬೇರಿಂಗ್ ಹೋಗಿದೆ. ಜೊತೆಗೆ ಸೀಲೂ ಹೊಸದು ಹಾಕ್ಬಿಡೋಣ."

"ಹಳೇ ಸೀಲೇ ಇರ್ಲಿ ಬಿಡಿ, ಸಾಲದಾ?"

"ಬಿಚ್ಚಿದ ಮೇಲೆ ಹಳೇದನ್ನೇ ಹಾಕೋದು, ಸ್ನಾನ ಮಾಡಿ ಮಾಸಿದ ಬಟ್ಟೆ ಉಟ್ಕೊಂಡಂಗೆ. ನನ್ ಕೈಲಾಗಲ್ಲ."

ಹಿಂದಿನ ಚಕ್ರ ಎಂಜಿನ್ನಿಗೇ ಕೂಡಿಕೊಂಡಿದ್ದರಿಂದ, ಎಂಜಿನ್ ಇಳಿಸಿ ಬಿಚ್ಚುವುದಕ್ಕೆ ಎರಡು ದಿನ ಹಿಡಿಯಿತು. ಶಾಲೆಯಿಂದ ಬರುತ್ತಾ ನಾನು ಅಲ್ಲಿ ಕೂತು ನೋಡುತ್ತಿದ್ದೆ. ಎಣ್ಣೆ ತಾಗದ ಒಂದೇ ಒಂದು ಸ್ಟೂಲಿತ್ತು. ನಾನು ಬರುವ ಹೊತ್ತಿಗೆ ಅದನ್ನು ಒರೆಸಿ ನೆರಳಿಗೆ ಇಟ್ಟಿರುತ್ತಿದ್ದ. ಹಳೆಯ ಬೇರಿಂಗನ್ನು ನನ್ನ ಕಿವಿಯ ಹತ್ತಿರ ತಿರುಗಿಸಿದ, ಗರಗರ ಎಂದಿತು. ಹೊಸದನ್ನು ತಿರುಗಿಸಿದ, ಸದ್ದೇ ಇಲ್ಲ. ಸೀಲು ಎಂದರೆ ಬಳೆಯಷ್ಟು ದೊಡ್ಡ ರಬ್ಬರಿನ ಉಂಗುರ. ಒಳಗಿನ ಗೇರ್ ಆಯಿಲ್ ಹೊರಗಿನ ಬ್ರೇಕಿಗೆ ಬಾರದಂತೆ ತಡೆಯುವುದೇ ಅದರ ಕೆಲಸ. ಬ್ರೇಕಿಗೆ ಎಣ್ಣೆ ಬಂದರೆ ಗಾಡಿ ನಿಲ್ಲುವುದಿಲ್ಲ. ಸ್ಪ್ರಿಂಗಿರುವ ಮುಖವನ್ನು ಒಳಗಡೆಗೆ ಮಾಡಿ, ಅಂಚಿಗೆ ಚೂರು ಗ್ರೀಸು ಸವರಿ, ಸುತ್ತಲೂ ಒಂದೇ ಸಮನೆ ಮೆಲ್ಲಗೆ ತಟ್ಟಿ ಕೂರಿಸಿದ.

"ಒಂದು ಕಡೆ ಜಾಸ್ತಿ ಬಡಿದ್ರೆ ಮುನಿಸ್ಕೊಂಡು ಸೋರ್ತದೆ" ಎಂದ.

ಶನಿವಾರ ಸ್ಕೂಟರು ಮನೆಗೆ ಬಂತು. "ಅಚ್ಚು ಹೊಸದು ಹಾಕಿದ್ನಾ?" ಎಂದು ಮಾವ ಕೇಳಿದರು. ಎತ್ತಿನ ಗಾಡಿಯ ಅಚ್ಚಿಗೂ ಬೇರಿಂಗಿಗೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳುವ ವ್ಯವಧಾನ ನನಗಿರಲಿಲ್ಲ. "ಹೂಂ ಮಾವ, ಹೆಚ್ಚುಕಮ್ಮಿ ಹಾಗೇ" ಎಂದು ಒಳಗೆ ಹೋದೆ.

ಸೋಮವಾರ ಬೆಳಿಗ್ಗೆ ಕೆರೆ ಏರಿಯ ಇಳಿಜಾರಿನಲ್ಲಿ ಕಾಲಿನ ಬ್ರೇಕು ಒತ್ತಿದೆ. ಪೆಡಲು ಕೆಳಗೆ ಹೋಯಿತು, ಗಾಡಿ ನಿಲ್ಲಲಿಲ್ಲ. ಗಾಬರಿಯಲ್ಲಿ ಕೈಯ ಬ್ರೇಕು ಹಿಡಿದೆ. ಮುಂದಿನ ಚಕ್ರ ಜಲ್ಲಿಯಲ್ಲಿ ಜಾರಿ, ಬೇಲಿಗೆ ಹೋಗಿ ಬಿದ್ದೆ. ಹಿಂದೆ ಸೊಪ್ಪಿನ ಗಾಡಿಯಲ್ಲಿ ಬರುತ್ತಿದ್ದ ಮುದುಕನೊಬ್ಬ ಇಳಿದು ಓಡಿಬಂದ. ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ನನ್ನ ಹರಿದ ಸೀರೆಯ ಮೇಲೆ ಹಾಕಿ, ಮುಖವನ್ನು ಅತ್ತ ತಿರುಗಿಸಿಕೊಂಡೇ ಸ್ಕೂಟರನ್ನು ಎತ್ತಿ ನಿಲ್ಲಿಸಿದ. ಅವನ ಹೆಸರು ಕೇಳಲೂ ನನಗೆ ಆಗ ತೋಚಲಿಲ್ಲ.

ಮೊಣಕೈ ತರಚಿತ್ತು, ಅಷ್ಟೇ. ಸ್ಕೂಟರನ್ನು ಮನೆಗೆ ತಳ್ಳಿಕೊಂಡು ಬಂದು, ಸೀರೆ ಬದಲಿಸಿ ಬಸ್ಸಿಗೆ ಓಡಿದೆ. ಆದರೆ ಆ ತಿಂಗಳಲ್ಲಿ ನಾನು ತಡವಾದದ್ದು ಅದು ಎರಡನೆಯ ಸಲ.

ಸಂಜೆ ಮನೆಯಲ್ಲಿ ಭಾವನವರು ಜಗಲಿಯ ಮೇಲೆ ಕೂತು ಕಾಯುತ್ತಿದ್ದರು. "ಕಾಲಿನ್ ಬ್ರೇಕ್ ಯಾವ್ದು, ಕೈಯಿನ್ ಬ್ರೇಕ್ ಯಾವ್ದು ಗೊತ್ತಾಗಿರಾಕಿಲ್ಲ. ಪಾಠ ಏಳಿದಂಗಲ್ಲ ಇದು!"

"ನಾನು ಒತ್ತಿದ್ದು ಸರಿಯಾದ ಬ್ರೇಕೇ ಭಾವ" ಎಂದೆ.

ಮಾವ ಸ್ಕೂಟರಿನ ಸುತ್ತ ಒಂದು ಸುತ್ತು ಹಾಕಿ ನೋಡಿದರು. ಕೊನೆಗೆ, "ತಪ್ಪು ಗಾಡೀದೋ ಇವಳ್ದೋ ಗೊತ್ತಾಗಗಂಟ ಸ್ಕೂಟ್ರು ಅಂಗಳ ಬಿಡಾದು ಬ್ಯಾಡ" ಎಂದರು.

ಬಿದ್ದದ್ದಕ್ಕಿಂತ ಆ ಮಾತೇ ಹೆಚ್ಚು ನೋಯಿಸಿತು.

ಹೇಳಿಕಳಿಸುತ್ತಲೇ ಆವಲಪ್ಪ ಸಾಮಾನಿನ ಚೀಲ ಹಿಡಿದು ಬಂದ. ನಮ್ಮ ಅಂಗಳದಲ್ಲೇ, ಎಲ್ಲರ ಎದುರಿಗೇ ಚಕ್ರ ಕಳಚಿ, ನಡುವಿನ ನಟ್ಟು ಬಿಚ್ಚಿ, ಡ್ರಮ್ಮು ಹೊರಗೆಳೆದ. ಬ್ರೇಕಿನ ಎರಡೂ ಪಟ್ಟಿಗಳು ಎಣ್ಣೆಯಲ್ಲಿ ಮಿಂದು ಹೊಳೆಯುತ್ತಿದ್ದವು. ಅವನ ಮುಖ ಕಪ್ಪಿಟ್ಟಿತು. ಆದರೂ ನೆಪ ಹುಡುಕುವ ಮೊದಲೇ ತಲೆಯೆತ್ತಿ ಹೇಳಿದ: "ಯಜಮಾನ್ರೇ, ಟೀಚರಮ್ಮಂದೇನೂ ತಪ್ಪಿಲ್ಲ. ನನ್ ಸೀಲೇ ಸೋರಿದೆ."

"ರಿಪೇರಿ ಮಾಡೋನು ಇಂಗೆ, ಓಡ್ಸೋಳು ಅಂಗೆ!" ಭಾವನವರು ನಕ್ಕರು. "ನಾಳೇನೇ ಮಾರ್ಬಿಡಾಣ ಅಪ್ಪಯ್ಯ. ಇನ್ನೊಂದು ಸಲ ಬಿದ್ರೆ ಯಾರು ಒಣೆ?"

ಆವಲಪ್ಪ ಬಟ್ಟೆಯನ್ನು ಪೆಟ್ರೋಲಿನಲ್ಲಿ ಅದ್ದಿ ಡ್ರಮ್ಮು ಒರೆಸತೊಡಗಿದ. ಮೂರು ಸಲ ಒರೆಸಿದರೂ ಜಿಡ್ಡು ಹೋಗಲಿಲ್ಲ. "ಇದೇನಿದು, ಗೇರ್ ಆಯಿಲ್ ಆಗಿದ್ರೆ ಇಷ್ಟೊತ್ತಿಗೆ ತೊಳ್ದೋಗ್ಬೇಕಿತ್ತು" ಎಂದು ಗೊಣಗಿದ.

ಆಗ ನನ್ನೊಳಗಿನ ಮೇಡಂ ಎಚ್ಚರಗೊಂಡಳು. ಒಂದು ಗಾಜಿನ ಲೋಟಕ್ಕೆ ಪೆಟ್ರೋಲು ಹಾಕಿಸಿ, ಕಡ್ಡಿಯ ತುದಿಯಲ್ಲಿ ಆ ಎಣ್ಣೆಯನ್ನು ಅದರೊಳಗೆ ಇಳಿಸಿದೆ. ಗೇರ್ ಆಯಿಲ್ ಆಗಿದ್ದರೆ ತಕ್ಷಣ ಬೆರೆತುಹೋಗಬೇಕು. ಇದು ಬೆರೆಯದೆ ತಳಕ್ಕಿಳಿದು ದಪ್ಪಗೆ ಕೂತಿತು. ಬಣ್ಣ ತಿಳಿ ಹಳದಿ.

"ಇದು ಗೇರ್ ಆಯಿಲ್ ಅಲ್ಲ" ಎಂದೆ.

"ಇನ್ಯಾವ ಎಣ್ಣೆ?" ಎಂದರು ಭಾವ.

ನನಗೆ ಗೊತ್ತಿತ್ತು. ಅಂಥ ಎಣ್ಣೆ ನಮ್ಮ ಮನೆಯಲ್ಲಿ ಎಲ್ಲಿರುತ್ತದೆ, ಅದನ್ನು ಯಾರು ಮುಟ್ಟುತ್ತಾರೆ ಎಂಬುದೂ ಗೊತ್ತಿತ್ತು. ಅಂಗಳದ ಮೂಲೆಯ ಎತ್ತಿನ ಗಾಡಿಯ ಮೂಕಿಗೆ ತೂಗುಹಾಕಿದ, ಕೀಲಿಗೆ ಹೊಯ್ಯುವ ಎಣ್ಣೆಯ ಬಿದಿರಿನ ಗೊಟ್ಟದ ಕಡೆ ನನ್ನ ಕಣ್ಣು ಹೋಗದಂತೆ ನೆಲ ನೋಡುತ್ತಾ ನಿಂತೆ. ನನ್ನ ಸ್ಕೂಟರು ಉಳಿಯಬೇಕಾದರೆ ಬಾಯಿ ಬಿಡಬೇಕು. ಎಪ್ಪತ್ತರ ಆ ಮನುಷ್ಯನನ್ನು ಮಗನ ಮುಂದೆ, ಹೊರಗಿನವರ ಮುಂದೆ ಹೇಗೆ ಸಣ್ಣವನನ್ನಾಗಿ ಮಾಡಲಿ?

ಮಾವ ಎದ್ದು ಬಂದು ಕುಕ್ಕರಗಾಲಲ್ಲಿ ಕೂತರು. ಪಟ್ಟಿಯ ಮೇಲೆ ಬೆರಳಾಡಿಸಿ, ಹೆಬ್ಬೆರಳಿಗೆ ಉಜ್ಜಿ, ಮೂಸಿ ನೋಡಿದರು. ಮೆಲ್ಲಗೆ ಎದ್ದು ನಿಂತರು.

"ಆವಲಪ್ಪ, ನಿನ್ ಸೀಲು ಸೋರಿಲ್ಲ ಕಣಪ್ಪ. ಇದು ಅರಳೆಣ್ಣೆ. ನಾನೇ ಉಯ್ದಿದ್ದು."

ಮಾವ ಭಾವನವರ ಕಡೆ ತಿರುಗಿದರು. "ಒಸಾ ಅಚ್ಚಾಕಿದ್ರೆ ಮೊದಲ್ನೇ ಎಣ್ಣೆ ಯಜಮಾನ ಉಯ್ಬೇಕು. ನಮ್ಮಪ್ಪ ಉಯ್ತಿದ್ದ, ನಾನೂ ಉಯ್ದೆ. ಬಾನುವಾರ ಸ್ಕೂಟ್ರು ವಾರೆ ಮಾಡಿ, ಚಕ್ರದ ಸಂದೀಲಿ ಒಂದು ಗೊಟ್ಟ ಪೂರ್ತಿ ಬಿಟ್ಟೆ. ಇವಳೊಬ್ಬಳೇ ಓಗ್ತಾಳೆ, ದಾರೀಲಿ ಕೀಲು ಒಣಗ್ಬಾರ್ದು ಅಂತ. ಬೀಳಿಸಿದ್ದು ನಾನು. ಇವಳ್ನ ಅಂದದ್ದೆಲ್ಲ ನನ್ನ ಅನ್ನು."

ಅದುವರೆಗೂ ಅಷ್ಟು ಮಂದಿಯ ನಡುವೆ ತನ್ನದೇ ತಪ್ಪೆಂದು ಒಪ್ಪಿದ ಯಜಮಾನನನ್ನು ನಾನು ಕಂಡಿರಲಿಲ್ಲ. ಆ ಮನೆಗೆ ಸೊಸೆಯಾಗಿ ಬಂದದ್ದಕ್ಕೆ ಆ ಕ್ಷಣ ನನಗಾದ ಹೆಮ್ಮೆ, ಡಿಗ್ರಿ ಕೈಗೆ ಬಂದ ದಿನವೂ ಆಗಿರಲಿಲ್ಲ. ಭಾವನವರು ತಲೆ ತಗ್ಗಿಸಿ ಲೋಟದಲ್ಲಿದ್ದ ಪೆಟ್ರೋಲನ್ನೇ ನೋಡುತ್ತಿದ್ದರು.

ಆವಲಪ್ಪ ಸೀಲಿನ ಸುತ್ತ ಬಿಳಿ ಬಟ್ಟೆಯಿಂದ ಒತ್ತಿ ಒರೆಸಿ, ಅಂಚಿನ ಒಳಗೆ ಇಣುಕಿದ. ಇದ್ದಕ್ಕಿದ್ದಂತೆ ಮುಖ ಅರಳಿತು.

"ಇಲ್ನೋಡಿ ಯಜಮಾನ್ರೇ! ಒಳಗಿಂದು ಹೊರಗೆ ಬಿಟ್ಟಿಲ್ಲ, ನಿಮ್ ಹರಳೆಣ್ಣೇನೂ ಒಳಗೆ ಬಿಟ್ಟಿಲ್ಲ. ಇಂಥ ಪರೀಕ್ಷೆ ಯಾವ ಕಂಪ್ನಿಯೋರೂ ಮಾಡಿರಲ್ಲ ಬಿಡಿ!"

ಮೊದಲು ನಕ್ಕವರು ಮಾವನೇ.

ಮಾರನೆಯ ದಿನ ಪುಣ್ಯಕ್ಕೆ ಬಸ್ಸು ಹೊತ್ತಿಗೆ ಬಂತು. ಪೆಟ್ರೋಲಿಗೆ ಜಗ್ಗದ ಹರಳೆಣ್ಣೆ ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಶಾಲೆಯ ಪ್ರಯೋಗಾಲಯದಿಂದ ಕೇಳಿ ತಂದ ಒಂದು ಬಾಟಲಿಯಲ್ಲಿ ಆವಲಪ್ಪ ಡ್ರಮ್ಮು ತೊಳೆದು, ಹೊಸ ಬ್ರೇಕು ಪಟ್ಟಿ ಹಾಕಿದ. ನಟ್ಟು ಬಿಗಿಯುವಾಗ ಸ್ಪ್ಯಾನರನ್ನು ಮಾವನ ಕೈಗೆ ಕೊಟ್ಟು, "ಇದನ್ನ ನೀವು ಮಾಡಿ, ಯಜಮಾನ್ರ ಕೆಲ್ಸ" ಎಂದ. ಮಾವ ಎರಡೂ ಕೈಯಲ್ಲಿ ಹಿಡಿದು, ಹಲ್ಲು ಕಚ್ಚಿ ಬಿಗಿದರು.

ಬುಧವಾರ ಬೆಳಿಗ್ಗೆ ಮಾವ ಒಗೆದ ಪಂಚೆ ಉಟ್ಟು ಸ್ಕೂಟರಿನ ಪಕ್ಕದಲ್ಲಿ ನಿಂತಿದ್ದರು. "ನಾನೂ ಬತ್ತೀನಿ, ನಡಿ" ಎಂದು ಹಿಂದೆ ಹತ್ತಿ ಕೂತರು. ಅರಳಿಕಟ್ಟೆಯ ಮೇಲಿದ್ದವರು ಕೂಗಿದರು: "ಏನ್ ರಾಮಾಂಜಿನಪ್ನೋರೇ, ಸೊಸೆ ಇಂದೆ ಕುಂತ್ಬಿಟ್ರಾ?"

"ಊಂ ಕಣ್ರಲಾ! ಇವಳು ಓಡಿಸ್ತಾಳೆ, ಆವಲಪ್ಪ ರಿಪೇರಿ ಮಾಡ್ತಾನೆ. ಕೆಡಿಸೋ ಕೆಲ್ಸ ನಂದು!"

ಏರಿಯ ಇಳಿಜಾರಿನಲ್ಲಿ ಮಾವ ನನ್ನ ಭುಜ ತಟ್ಟಿ, "ಈಗ ನಿಲ್ಲಿಸು" ಎಂದರು. ಒತ್ತಿದೆ. ಹಿಂದಿನ ಚಕ್ರ ಕಚ್ಚಿ ಹಿಡಿಯಿತು. ಅವರು ಇಳಿದು, ಪಂಚೆ ಕೊಡವಿಕೊಂಡರು.

"ಇನ್ನು ನೀನು ಓಗು ಮಗಾ, ಒತ್ತಾಯ್ತದೆ. ನಾನು ನಡ್ಕೊಂಡು ಮನೆಗೋಯ್ತೀನಿ."

ಅಂದು ಮೊದಲ ಗಂಟೆಗೆ ಇನ್ನೂ ಹನ್ನೆರಡು ನಿಮಿಷವಿರುವಾಗ ನಾನು ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದೆ.