ಅಜ್ಜಿ ಬೆನ್ನು ತಿರುಗಿಸಿದಳು

ಇದು ನಿಜವಾಗಿ ನಡೆದದ್ದು. ಸುಳ್ಳಾಗಿದ್ದರೆ ಇನ್ನೂ ಚೆನ್ನಾಗಿ ಹೇಳುತ್ತಿದ್ದೆ.

ನಮ್ಮ ಬುಕೊಮ್ ಕೇರಿಯ ಆಯಿಕ್ವೇ ಬಾಕ್ಸರ್. ಅವನ ಬಲವೆಲ್ಲ ಎಡಗೈಯಲ್ಲಿ. ಶನಿವಾರ ಎದುರಾಳಿ ಕೇರಿ ಚೋರ್ಕೋರ್‌ನ ಹುಡುಗನನ್ನು ಗೆದ್ದರೆ ದೇಶದ ತಂಡ, ಸೋತರೆ ಅಪ್ಪನ ಮೀನುದೋಣಿ. ತೊಂದರೆ ಇದ್ದದ್ದು ಕಿವಿಯಲ್ಲಿ. ಆ ಕೇರಿಯವರು ಡೋಲು ಬಡಿದು ಹಂಗಿಸುವ ಹಾಡು ಎತ್ತಿದರೆ ಸಾಕು, ಅವನ ಮೈ ಮರಗಟ್ಟುತ್ತಿತ್ತು.

ಮನಸ್ಸಿಗೆ ತಾಲೀಮು ಕೊಡಲು ವಿಶ್ವವಿದ್ಯಾಲಯದಿಂದ ಕೊರ್ಕೋ ಮೇಡಂ ಬರುತ್ತಿದ್ದರು. "ಗದ್ದಲ ನಿಲ್ಸೋಕಾಗಲ್ಲ, ಅಭ್ಯಾಸ ಮಾಡ್ಕೋಬಹುದು" ಎಂದು ಅವರು ನನ್ನನ್ನು ಕರೆಸಿದರು. ಯಾರ ದನಿಯನ್ನಾದರೂ ಅಣಕಿಸುವವನು ನಾನು. ಚೋರ್ಕೋರ್‌ನವರಂತೆ ರಿಂಗಿನ ಪಕ್ಕ ನಿಂತು ಬಾಯಿತುಂಬ ಬೈದೆ. ಆಯಿಕ್ವೇ ನಿಧಾನಕ್ಕೆ ಉಸಿರು ಬಿಟ್ಟು, ಅಳುಕದೆ ಆಡಿದ. ಮೇಡಂ ತಲೆದೂಗಿದರು.

ನನಗೆ ಅಷ್ಟು ಸಾಲಲಿಲ್ಲ. ಗುರುವಾರ ತಾಲೀಮಿನ ಹೊತ್ತಿಗೆ ಗೋಡೆಯ ಹಿಂದೆ ಅಡಗಿ ಅವನ ಅಜ್ಜಿಯ ದನಿ ತೆಗೆದೆ: "ಲೋ ಆಯಿಕ್ವೇ! ದೊಡ್ಡೋರ ಮುಂದೆ ಎಡಗೈ ಆಡಿಸ್ತೀಯೇನೋ?"

ಹಿರಿಯರೆದುರು ಎಡಗೈ ಚಾಚುವುದು ನಮ್ಮಲ್ಲಿ ಬೈಗುಳಕ್ಕೆ ಸಮ. ಅದಕ್ಕಾಗಿ ಚಿಕ್ಕಂದಿನಲ್ಲಿ ಅಜ್ಜಿಯ ಕೈಲಿ ಏಟು ತಿಂದವನು ಅವನು. ಎಡಗೈ ಸರ್ರನೆ ಬೆನ್ನ ಹಿಂದೆ ಹೋಯಿತು. "ತಪ್ಪಾಯ್ತಜ್ಜೀ" ಎನ್ನುವಷ್ಟರಲ್ಲಿ ಎದುರು ಆಡುತ್ತಿದ್ದ ಜೊತೆಗಾರನ ಗುದ್ದು ಮೂಗಿಗೆ ಬಿತ್ತು. ಎಲ್ಲರೂ ನಕ್ಕರು. ಅವನು ನಗಲಿಲ್ಲ, ನನ್ನೊಡನೆ ಮಾತು ಬಿಟ್ಟ.

ಶನಿವಾರದ ಹೊತ್ತಿಗೆ ಸುದ್ದಿ ಚೋರ್ಕೋರ್ ಮುಟ್ಟಿತ್ತು. ಗಂಟೆ ಹೊಡೆದದ್ದೇ ತಡ, ಡೋಲಿನ ಜೊತೆ ಹಾಡು: "ಅಜ್ಜಿ ಬಂದ್ಲು, ಕೈ ಮುಚ್ಕೋ! ಅಜ್ಜಿ ಬಂದ್ಲು, ಕೈ ಮುಚ್ಕೋ!" ಆಯಿಕ್ವೇಯ ಎಡಗೈ ಸೊಂಟಕ್ಕಿಳಿಯಿತು. ಎರಡು ಸುತ್ತು ಬರೀ ಹೊಡೆತ ತಿಂದ. ಮೂಲೆಯಿಂದ ಮೇಡಂ "ಉಸಿರು, ಉಸಿರು" ಎನ್ನುತ್ತಲೇ ಇದ್ದರು.

ಕೊನೆಯ ಸುತ್ತಿನಲ್ಲಿ ಜನರ ನಡುವಿನಿಂದ ಅದೇ ಅಜ್ಜಿಯ ದನಿ ಕೇಳಿತು: "ಲೋ ಆಯಿಕ್ವೇ! ಅವತ್ತು ಕೂಗಿದ್ದು ನಾನಲ್ಲ ಕಣೋ, ಆ ಕೋತಿ! ಇಗೋ, ನಾನು ತಿರುಗಿ ನಿಂತ್ಕೋತೀನಿ. ಎಡಗೈಲೇ ಬಾರಿಸು!"

ಮತ್ತೆ ನನ್ನದೇ ಆಟವೆಂದು ಆಯಿಕ್ವೇ ಕೊಲ್ಲುವ ಕಣ್ಣಿನಿಂದ ನನ್ನತ್ತ ನೋಡಿದ. ನನ್ನ ಬಾಯಿ ತುಂಬ ಮೆಕ್ಕೆಜೋಳದ ಕಡುಬು ಕೆಂಕೆ ಮತ್ತು ಹುರಿದ ಮೀನು, ಉಸಿರಾಡುವುದೇ ಕಷ್ಟವಿತ್ತು. ಆಚೆ ನೋಡಿದರೆ ನಿಜವಾದ ಅಜ್ಜಿ, ರಿಂಗಿಗೆ ಬೆನ್ನು ಹಾಕಿ, ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡು ನಿಂತಿದ್ದಳು.

ಅವನ ಭುಜ ಸಡಿಲವಾಯಿತು. ಎಡಗೈ ಮೇಲೆದ್ದು, ಎದುರಾಳಿಯ ದವಡೆ ಹುಡುಕಿಕೊಂಡು ಹೋಯಿತು.

ಬಿದ್ದವನ ಮೇಲೆ ರೆಫರಿ ಹತ್ತು ಎಣಿಸಿ ಮುಗಿಸಿದಾಗ ಚೋರ್ಕೋರ್‌ನವರೂ ನಗುತ್ತಿದ್ದರು. ಆದರೆ ಅವರ ಡೋಲುಗಳನ್ನೂ ಮೀರಿ ಕೇಳಿದ್ದು ಆಯಿಕ್ವೇಯ ನಗು. ಅಜ್ಜಿ ಇನ್ನೂ ತಿರುಗಿರಲಿಲ್ಲ.