ದೊಡ್ಡಕ್ಕನ ಕೊನೆಯ ಎಪಿಸೋಡು

"ಹಾಗಾದ್ರೆ ಗುರುವಾರ ಸಾಯಿಸಿಬಿಡೋಣ," ಎಂದು ನಿರ್ದೇಶಕ ಟೀ ಲೋಟವನ್ನು ಮೇಜಿನ ಮೇಲಿಟ್ಟ. "ಶುಕ್ರವಾರ ಪೂರ್ತಿ ಅಳು. ಸೋಮವಾರದಿಂದ ಹೊಸ ಟ್ರ್ಯಾಕು, ಹೊಸ ಕಥೆ."

ಅವಳು ನೋಟ್‌ಬುಕ್ಕಿನಲ್ಲಿ 'ಗುರುವಾರ' ಎಂದು ಬರೆದುಕೊಂಡು ಅದರ ಕೆಳಗೊಂದು ಗೆರೆ ಎಳೆದಳು. ಸಾಯಬೇಕಾದವಳು ದೊಡ್ಡಕ್ಕ, ಒಂಬತ್ತು ವರ್ಷಗಳಿಂದ ವಾರಕ್ಕೆ ಐದು ದಿನ, ಸಂಜೆ ಏಳೂವರೆಗೆ ಸರಿಯಾಗಿ, ಕರೆಯದಿದ್ದರೂ ಮನೆಮನೆಗೆ ಬಂದು ಕೂರುತ್ತಿದ್ದ ಧಾರಾವಾಹಿಯ ದೊಡ್ಡಕ್ಕ. ಅವಳ ಮಾತು ಬರೆಯುತ್ತಿದ್ದವಳೂ ಇವಳೇ, ಬಣ್ಣ ಹಚ್ಚಿಕೊಂಡು ಆ ಮಾತು ಆಡುತ್ತಿದ್ದವಳೂ ಇವಳೇ.

"ಮೇಡಂ, ಬೇಜಾರು ಮಾಡ್ಕೋಬೇಡಿ," ಎಂದಳು ಚಾನೆಲ್ಲಿನಿಂದ ಬಂದಿದ್ದ ಅಧಿಕಾರಿ. ವಯಸ್ಸು ಮೂವತ್ತೂ ದಾಟಿರಲಿಕ್ಕಿಲ್ಲ, ಮುಂದೆ ಲ್ಯಾಪ್‌ಟಾಪು. "ನೋಡೋರು ಕಮ್ಮಿ ಆಗ್ತಿದಾರೆ. ಒಂದು ದೊಡ್ಡ ಸಾವು ಬೇಕೇ ಬೇಕು."

"ಊರು ಬಿಟ್ಟು ಹೋಗ್ಲಿ," ಎಂದಳು ಇವಳು. "ದೂರದಲ್ಲೆಲ್ಲೋ ಕೆಲಸ ಸಿಕ್ತು ಅಂತ ಬರೀತೀನಿ. ಆಗಾಗ ಒಂದು ಫೋನ್ ಮಾಡ್ತಾಳೆ. ಮುಖ ಕಾಣಿಸಿದ್ರೆ ಸಾಕು, ಎರಡು ನಿಮಿಷ."

"ಹೋದೋಳು ಬರ್ತಾಳೆ ಅಂತ ಜನ ಕಾಯ್ತಾರೆ ಮೇಡಂ. ಸತ್ರೆ ಕಾಯಲ್ಲ."

ಅದು ಸರಿಯಾದ ಮಾತೇ. ಇವಳಾದರೂ ಹಾಗೇ ಬರೆಯುತ್ತಿದ್ದಳು. ಮನೆಯ ವಿಷಯವನ್ನು ಬಾಯಿಬಿಟ್ಟು ಹೇಳಬಹುದಿತ್ತು. ನಾಲಿಗೆಯ ತುದಿವರೆಗೂ ಬಂತು. ಆದರೆ ಹೇಳಿದ್ದರೆ ಚಾನೆಲ್ಲಿನವಳು 'ಅಯ್ಯೋ ಪಾಪ' ಅನ್ನುತ್ತಿದ್ದಳು, ಆಮೇಲೆ ಅದನ್ನೇ ಒಂದು ಟ್ರ್ಯಾಕು ಮಾಡಬಹುದಲ್ಲ ಅನ್ನುತ್ತಿದ್ದಳು. ಇವಳು ನೋಟ್‌ಬುಕ್ ಮುಚ್ಚಿದಳು.

ಈ ಕೆಲಸಕ್ಕೆ ಅವಳು ಬಂದದ್ದು ಹಿಂದಿನ ಬಾಗಿಲಿನಿಂದ. ಇಪ್ಪತ್ತೆರಡರ ವಯಸ್ಸಿನಲ್ಲಿ ಬೇರೆ ನಟಿಯರ ಬಾಯಿಗೆ ದನಿ ಕೊಡುತ್ತಿದ್ದಳು. ಒಂದು ದಿನ ಸಂಭಾಷಣೆ ಬರೆಯುವಾತ ಜಗಳವಾಡಿ ಅರ್ಧ ಸೀನನ್ನು ಹಾಗೇ ಬಿಟ್ಟು ಎದ್ದುಹೋದ. ಸೆಟ್ಟಿನಲ್ಲಿ ಎಲ್ಲರೂ ತಲೆ ಮೇಲೆ ಕೈಹೊತ್ತು ಕೂತಿದ್ದಾಗ ಇವಳು ಮೇಕಪ್ ಕೋಣೆಯ ಮೆಟ್ಟಿಲ ಮೇಲೆ ಕೂತು ಉಳಿದರ್ಧ ಬರೆದುಕೊಟ್ಟಳು. ಅಂದಿನಿಂದ ಬರೆದದ್ದೇ ಬರೆದದ್ದು. ದೊಡ್ಡಕ್ಕನ ಪಾತ್ರಕ್ಕೆ ಗೊತ್ತುಮಾಡಿದ್ದ ನಟಿ ಕೈಕೊಟ್ಟಾಗ ನಿರ್ದೇಶಕ, "ಮಾತೆಲ್ಲ ನಿಮಗೆ ಬಾಯಿಪಾಠ, ನೀವೇ ನಿಂತುಬಿಡಿ," ಎಂದಿದ್ದ. ಎರಡು ದಿನಕ್ಕೆ ಅಂತ ನಿಂತವಳು ಒಂಬತ್ತು ವರ್ಷ ನಿಂತಳು. ಮಧ್ಯೆ ಒಂದು ಮದುವೆಯೂ ಜಾಹೀರಾತಿನ ಹಾಗೆ ಬಂದುಹೋಗಿತ್ತು.

ಮನೆಯಲ್ಲಿದ್ದವಳು ಅಮ್ಮ. ಮೂರು ವರ್ಷದ ಹಿಂದೆ ಮರೆವು ಶುರುವಾದಾಗ ಮೊದಲು ಕಳೆದುಹೋದದ್ದು ಕನ್ನಡಕ, ಬೀಗದ ಕೈ. ಆಮೇಲೆ ವಾರದ ದಿನಗಳು. ಕಳೆದ ವರ್ಷ ಒಂದು ಬೆಳಿಗ್ಗೆ ಮಗಳು. "ನೀವು ಯಾರ ಮನೆಯವರಮ್ಮ?" ಎಂದು ಕೇಳಿದ್ದಳು, ಕಾಫಿ ತಂದವಳನ್ನು. ಅಂದಿನಿಂದ ಮಗಳು 'ನೀವು' ಆದಳು. "ನಿಮಗೆ ತೊಂದರೆ ಕೊಡ್ತಿದೀನಿ," ಎಂದು ಸ್ನಾನ ಮಾಡಿಸುವಾಗ ಅಮ್ಮ ಸಂಕೋಚಪಡುತ್ತಿದ್ದಳು.

ಆದರೆ ಏಳೂವರೆಗೆ ಟಿವಿಯಲ್ಲಿ ದೊಡ್ಡಕ್ಕ ಬಂದಳೆಂದರೆ ಅಮ್ಮನ ಬೆನ್ನು ನೆಟ್ಟಗಾಗುತ್ತಿತ್ತು. "ನಮ್ಮ ಪುಟ್ಟಿ ಬಂದ್ಲು ನೋಡಿ," ಎಂದು ಪಕ್ಕದಲ್ಲಿ ಕೂತ ಮಗಳಿಗೇ ತೋರಿಸುತ್ತಿದ್ದಳು. ಪುಟ್ಟಿ ಅನ್ನುವುದು ಇವಳದೇ ಮನೆಹೆಸರು. ದೊಡ್ಡಕ್ಕ ತಂಗಿಯರನ್ನು "ಊಟ ಆಯ್ತಾ?" ಎಂದು ಕೇಳಿದರೆ ಅಮ್ಮ ಇಲ್ಲಿಂದ "ಆಯ್ತು ಕಣೇ," ಅನ್ನುತ್ತಿದ್ದಳು. ಅದನ್ನು ಕಂಡಮೇಲೆ ಇವಳು ಎಪಿಸೋಡಿಗೊಂದರಂತೆ ಅಂಥ ಪ್ರಶ್ನೆ ಬರೆದು, ಕ್ಯಾಮೆರಾದತ್ತಲೇ ನೋಡಿ ಕೇಳತೊಡಗಿದಳು. ನಿದ್ದೆ ಬಂತಾ, ಮಾತ್ರೆ ತಗೊಂಡ್ಯಾ, ಕಾಲು ನೋವು ಹೇಗಿದೆ? "ಕ್ಯಾಮೆರಾ ನೋಡ್ತೀರಲ್ಲ ಮೇಡಂ," ಎಂದು ನಿರ್ದೇಶಕ ಮೊದಮೊದಲು ಗೊಣಗಿ, ಜನ ಮೆಚ್ಚಿದರೆಂದು ತಿಳಿದ ಮೇಲೆ ಸುಮ್ಮನಾದ.

ಸಾವಿನ ಸೀನು ಬರೆಯಲು ಅವಳಿಗೆ ಬೇಕಾದದ್ದು ಒಂದೂಕಾಲು ಗಂಟೆ.

"ಕೊನೇ ಮಾತೇ ಇಲ್ವಲ್ಲ?" ಎಂದ ನಿರ್ದೇಶಕ, ಹಾಳೆ ತಿರುವಿ ಹಾಕುತ್ತಾ.

"ಸಾಯೋರು ಅಷ್ಟೆಲ್ಲ ಮಾತಾಡಲ್ಲ."

"ನಮ್ಮ ಸೀರಿಯಲ್ಲಲ್ಲಿ ಮಾತಾಡದೆ ಯಾರು ಸತ್ತಿದಾರೆ ಮೇಡಂ? ಆ ಮಾವ ಮೂರು ಎಪಿಸೋಡು ಮಾತಾಡಿದ್ರು!"

ಎಲ್ಲರೂ ನಕ್ಕರು. ಅವಳೂ ನಕ್ಕಳು. ಮಾತು ಮಾತ್ರ ಸೇರಿಸಲಿಲ್ಲ.

ಶೂಟಿಂಗಿನ ದಿನ ಸ್ಟುಡಿಯೋದ ಮೂಲೆಯಲ್ಲೇ ಆಸ್ಪತ್ರೆಯ ಕೋಣೆ ಎದ್ದಿತ್ತು. ಮೂರು ಗೋಡೆ, ಒಂದು ಕಬ್ಬಿಣದ ಮಂಚ, ಮುಂಗೈಗೆ ಪಟ್ಟಿ ಹಾಕಿ ಅಂಟಿಸಿದ ಖಾಲಿ ನಳಿಕೆ. ನಲವತ್ತು ನಿಮಿಷ ಅವಳು ಕಣ್ಣುಮುಚ್ಚಿ ಮಲಗಿದ್ದಳು. ಸುತ್ತ ನಾಲ್ವರು ಗ್ಲಿಸರಿನ್ ಹಾಕಿಕೊಂಡು ಅತ್ತರು. ತಂಗಿಯ ಪಾತ್ರದವಳು ಮಾತ್ರ ನಿಜವಾಗಿಯೇ ಅತ್ತಳು; ಕಣ್ಣೀರು ಇವಳ ಕುತ್ತಿಗೆಯ ಮೇಲೆ ಬೆಚ್ಚಗೆ ಬಿದ್ದು ಕಿವಿಯ ಹಿಂದಕ್ಕೆ ಇಳಿಯಿತು. ಒರೆಸಿಕೊಳ್ಳುವ ಹಾಗಿರಲಿಲ್ಲ. ಫ್ಯಾನ್ ಆರಿಸಿದ್ದರಿಂದ ಸೆಖೆಯಾಗುತ್ತಿದೆ, ಅಷ್ಟೇ ಅವಳಿಗೆ ಅನಿಸಿದ್ದು.

"ಕಟ್! ಓಕೆ!"

ಎಲ್ಲರೂ ಚಪ್ಪಾಳೆ ತಟ್ಟಿದರು. 'ಹೋಗಿ ಬನ್ನಿ ದೊಡ್ಡಕ್ಕ' ಎಂದು ಬರೆಸಿದ್ದ ಕೇಕ್ ಬಂತು. "ಹೋಗಿ ಸರಿ, ಬನ್ನಿ ಯಾಕೆ?" ಎಂದು ಯಾರೋ ಹಿಂದಿನಿಂದ ಕಾಲೆಳೆದರು. ಮೇಕಪ್ಪಿನಾಕೆ ಒಂದು ತುಂಡು ಬಾಯಿಗಿಟ್ಟಳು. ಸಿಹಿ ಇತ್ತೋ ಇಲ್ಲವೋ ಎಂದು ಯಾರಾದರೂ ಕೇಳಿದ್ದರೆ ಇವಳಿಗೆ ಹೇಳಲಾಗುತ್ತಿರಲಿಲ್ಲ.

ಗುರುವಾರ ಸಂಜೆ, ಅಮ್ಮನನ್ನು ನೋಡಿಕೊಳ್ಳುವ ಹೆಂಗಸು ಅಡುಗೆಮನೆಗೆ ಬಂದು ದನಿ ತಗ್ಗಿಸಿದಳು. "ಅಕ್ಕಾ, ಇವತ್ತು ಟಿವಿ ಹಾಕೋದೇ ಬೇಡ. ಕೆಟ್ಟೋಗಿದೆ ಅಂದ್ಬಿಡೋಣ."

"ಹಳೇ ಎಪಿಸೋಡು ಪೆನ್‌ಡ್ರೈವಲ್ಲಿ ತಂದಿದೀನಿ. ಅದನ್ನೇ ಹಾಕು. ಇನ್ಮೇಲೆ ದಿನಾ ಅದೇ."

ಇವಳ ಲೆಕ್ಕಾಚಾರ ಪಕ್ಕಾ ಇತ್ತು. ಎರಡು ಸಾವಿರಕ್ಕೂ ಹೆಚ್ಚು ಎಪಿಸೋಡುಗಳು. ಬೆಳಿಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿಲ್ಲದವಳಿಗೆ ಅವು ಜನ್ಮಕ್ಕೆ ಸಾಕು. ಏಳೂವರೆಗೆ ಪರದೆಯ ಮೇಲೆ ದೊಡ್ಡಕ್ಕ ಬಾಗಿಲು ತೆರೆದು ನಗುತ್ತಾ ಬಂದಳು. ಅಮ್ಮ ಮುಂದಕ್ಕೆ ಬಾಗಿದಳು. ನಿಮಿಷವಾಗಿರಲಿಲ್ಲ, ಹಿಂದಕ್ಕೆ ಒರಗಿದಳು.

"ಇದು ಹಳೇದು."

"ಇಲ್ಲಮ್ಮ, ಇವತ್ತಿಂದೇ."

"ನನ್ನ ಮಗಳು ಈಗ ದಪ್ಪ ಆಗಿದಾಳೆ. ಇದು ಸಣ್ಣಗಿದ್ದಾಗಿಂದು." ಅಮ್ಮ ಇವಳ ಮುಖವನ್ನೇ ದಿಟ್ಟಿಸಿದಳು. "ನೀವು ಏನೋ ಮುಚ್ಚಿಡ್ತಿದೀರಿ. ಪುಟ್ಟಿಗೆ ಏನಾಗಿದೆ ಹೇಳಿ."

ಹಿರಿಯರಿಂದ ಸುದ್ದಿ ಮುಚ್ಚಿಡುವ ಸೀನುಗಳನ್ನು ಇವಳು ನೂರಾರು ಬರೆದಿದ್ದಳು. ಒಬ್ಬೊಬ್ಬರ ಬಾಯಲ್ಲೂ ಸುಳ್ಳು ನೀರು ಕುಡಿದ ಹಾಗೆ ಬರುತ್ತಿತ್ತು. ಈಗ ಒಂದು ಸಾಲೂ ಹೊಳೆಯಲಿಲ್ಲ. ರಿಮೋಟ್ ತೆಗೆದುಕೊಂಡು ಹಳೆಯದನ್ನು ನಿಲ್ಲಿಸಿ ಚಾನೆಲ್ ಹಾಕಿದಳು.

ಆಸ್ಪತ್ರೆಯ ಕೋಣೆ. ಮಂಚ. ಕಣ್ಣುಮುಚ್ಚಿ ಮಲಗಿದ ದೊಡ್ಡಕ್ಕ. ಡಾಕ್ಟರು ತಲೆಯಾಡಿಸಿದರು, ಸಂಗೀತ ಮೊಳಗಿತು, ತಂಗಿ ಎದೆಯ ಮೇಲೆ ಬಿದ್ದು ಗೋಳಾಡಿದಳು. ನೋಡಿಕೊಳ್ಳುವ ಹೆಂಗಸು ಎಲ್ಲ ಗೊತ್ತಿದ್ದೂ ಬಾಯಿಗೆ ಕೈ ಅಡ್ಡ ಹಿಡಿದು ಬಿಕ್ಕಿದಳು. ಇವಳು ಪರದೆ ನೋಡಲಿಲ್ಲ, ಅಮ್ಮನ ಕೈ ನೋಡುತ್ತಿದ್ದಳು. ಆ ಕೈ ಮಂಡಿಯ ಮೇಲೆ ಇದ್ದಲ್ಲೇ ಇತ್ತು.

"ಸತ್ತಿಲ್ಲ," ಎಂದಳು ಅಮ್ಮ.

ನೋಡಿಕೊಳ್ಳುವ ಹೆಂಗಸು ಬಾಯಿಂದ ಕೈ ತೆಗೆದಳು.

"ಉಸಿರು ಕಟ್ಕೊಂಡಿದಾಳೆ. ಸ್ಕೂಲಿಗೆ ಹೋಗೋಕೆ ಇಷ್ಟ ಇಲ್ದಿದ್ರೆ ಹೀಗೇ ಬಿದ್ಕೋತಿದ್ಲು, ನಾನು ಸತ್ತೋಗಿದೀನಿ ಅಂತ. ಹೊಟ್ಟೆ ನೋಡಿ, ಆಡ್ತಿದೆ." ಅಮ್ಮ ಪರದೆಯತ್ತ ಬೆರಳು ಚಾಚಿದಳು. ನಿಜ, ಹೊದಿಕೆ ಇಷ್ಟೇ ಇಷ್ಟು ಏರಿ ಇಳಿಯಿತು. ನಿರ್ದೇಶಕನ ಕಣ್ಣಿಗಾಗಲಿ, ಎಡಿಟರನ ಕಣ್ಣಿಗಾಗಲಿ ಬಿದ್ದಿರಲಿಲ್ಲ. "ಪಾಪ, ಯಾರಾದ್ರೂ ಎಬ್ಬಿಸ್ರಪ್ಪ. ಎಷ್ಟು ಹೊತ್ತು ಅಂತ ಹಾಗೇ ಇರ್ತಾಳೆ!"

ಇವಳು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದಳು. ಅಳು ಬರುತ್ತದೇನೋ ಎಂದು ಕಾದಳು. ಬಕೆಟ್ಟು ತುಂಬಿತು, ನಲ್ಲಿ ನಿಲ್ಲಿಸಿ ಹೊರಗೆ ಬಂದಳು.

ಮರುದಿನ ಏಳೂವರೆಗೆ ಟಿವಿಯಲ್ಲಿ ಇಡೀ ಮನೆ ಅಳುತ್ತಿತ್ತು. ಅಮ್ಮ ಎರಡು ನಿಮಿಷ ನೋಡಿ ಮುಖ ತಿರುಗಿಸಿದಳು.

"ಆರಿಸಿ ಅದನ್ನ. ಪುಟ್ಟಿಗೆ ಅಲ್ಲಿ ಕೆಲಸ ಮುಗೀತು, ಇನ್ನು ಮನೆಗೇ ಬರ್ತಾಳೆ. ಬಾಗಿಲು ತೆಗೆದಿಡ್ತೀರಾ?"

ಇವಳು ಟಿವಿ ಆರಿಸಿದಳು. ಮುಂಬಾಗಿಲ ಚಿಲಕ ತೆಗೆದು, ಗಾಳಿಗೆ ಮುಚ್ಚಿಕೊಳ್ಳದಂತೆ ಒಂದು ಚಪ್ಪಲಿಯನ್ನು ಸಂದಿಗೆ ಸಿಕ್ಕಿಸಿದಳು. ಹೊರಗೆ ಮೆಟ್ಟಿಲು, ಎದುರುಮನೆಯ ಮುಚ್ಚಿದ ಬಾಗಿಲು.

"ನೀವೂ ಕೂತ್ಕೊಳ್ಳಿ, ಅವಳು ಬರೋವರೆಗೂ," ಎಂದು ಅಮ್ಮ ಸೋಫಾದಲ್ಲಿ ಸರಿದು ಜಾಗ ಮಾಡಿದಳು.

ಇವಳು ಕೂತಳು. ಅಮ್ಮನ ಭುಜ ಭುಜಕ್ಕೆ ತಾಗಿತು. ಮೆಟ್ಟಿಲ ದೀಪ, ಓಡಾಟವಿಲ್ಲದ್ದರಿಂದ, ತಾನಾಗಿ ಆರಿತು. ಸ್ವಲ್ಪ ಹೊತ್ತಿಗೆ ಕೆಳಗೆ ಯಾರೋ ಹತ್ತುವ ಸದ್ದಾಗಿ ಮತ್ತೆ ಹೊತ್ತಿತು. ಇಬ್ಬರೂ ಕತ್ತೆತ್ತಿ ಬಾಗಿಲ ಕಡೆ ನೋಡಿದರು. ಹೆಜ್ಜೆಗಳು ಅವರ ಬಾಗಿಲನ್ನು ದಾಟಿ, ಅವಸರವಿಲ್ಲದೆ, ಮೇಲಿನ ಮಹಡಿಗೆ ಹತ್ತಿಹೋದವು.