ಒಂಬತ್ತು ವಸ್ತಿಯ ದಾರಿ

ಬೆಳಗಾವಿಯಿಂದ ಹೈದರಾಬಾದಿಗೆ ವಿಮಾನದಲ್ಲಿ ಒಂದು ತಾಸು ಹತ್ತು ನಿಮಿಷ ಎಂದು ಮಗಳು ವೈಶಾಲಿ ಹೇಳಿ ಹೇಳಿ ಸಾಕಾಗಿದ್ದಳು. ಅಮಸಿದ್ದಪ್ಪ ಹೂಂ ಅಂದಿದ್ದ, ತಲೆಗೆ ಮಾತ್ರ ಹಾಕಿಕೊಂಡಿರಲಿಲ್ಲ. ಕುರಿಗಳ ಹಿಂದೆ ನಡೆದು ಕಾಲು ಸವೆಸಿದವನಿಗೆ ನಿಮಿಷ ಯಾವ ಲೆಕ್ಕ? ಅವನದು ವಸ್ತಿಯ ಲೆಕ್ಕ. ಹಗಲೆಲ್ಲ ಹಿಂಡು ನಡೆಸಿ, ಕತ್ತಲಾದಲ್ಲಿ ತಂಗಿದರೆ ಒಂದು ವಸ್ತಿ. ತನ್ನ ಬೀಳಗಿ ಸೀಮೆಯ ಅನಗವಾಡಿಯಿಂದ ಬೆಳಗಾವಿಗೆ ಅಂಥವು ಒಂಬತ್ತು.

ಹೈದರಾಬಾದಿನ ಕಂಬಳಿ ಮೇಳದವರು ಇಬ್ಬರಿಗೂ ಟಿಕೀಟು ಕಳಿಸಿದ್ದರು. ವಿಮಾನ ಬೀಳಗಿ ಸೀಮೆಯ ಮೇಲೆ ಹಾಯುತ್ತದೆಂದು ಕೇಳಿದ ಮೇಲೆಯೇ ಅವನು ಒಪ್ಪಿದ್ದು. ಕಾರಣವನ್ನು ಮಗಳಿಗೆ ಹೇಳಿರಲಿಲ್ಲ. ಆ ಮಾತು ಎತ್ತಿದರೆ ಹೆಂಡತಿ ಹಣಮವ್ವ ಇವತ್ತಿಗೂ ಊಟ ಬಿಡುತ್ತಾಳೆ.

ತೊಂಬತ್ತೇಳರಲ್ಲಿ ಅವನು ಬೆಳಗಾವಿಯ ಮಗ್ಗುಲಲ್ಲಿ ಕುರಿ ಮೇಯಿಸುತ್ತಿದ್ದಾಗ ಹಣಮವ್ವ ಮೊದಲ ಮಗಳನ್ನು ಹೆತ್ತಳು. ಹದಿನೆಂಟನೆಯ ದಿನಕ್ಕೆ ಕೂಸು ತೀರಿಕೊಂಡಿತು. ಸುದ್ದಿ ಹಿಂಡನ್ನು ಹುಡುಕಿಕೊಂಡು ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. ಮಗಳ ಮುಖವನ್ನೇ ಅವನು ನೋಡಲಿಲ್ಲ. ಅನಗವಾಡಿಯ ಹೊಳೆದಂಡೆಯ ಬೇವಿನ ಬುಡಕ್ಕೆ ಒಂದು ಕಲ್ಲು ನೆಟ್ಟಿದ್ದರು. ಹಿಂಡು ಅತ್ತ ಹಾದಾಗಲೆಲ್ಲ ಅದಕ್ಕೆ ಬೀರೇಶ್ವರನ ಅರಿಸಿನದ ಭಂಡಾರ ಹಚ್ಚುತ್ತಿದ್ದ. ಆಮೇಲೆ ಆಲಮಟ್ಟಿಯ ಹಿನ್ನೀರು ಏರಿ ಬೇವು, ಕಲ್ಲು ಎರಡೂ ಮುಳುಗಿದವು. ಮೇಲಿನಿಂದ ಆ ನೀರಿಗೆ ಒಂದು ಚಿಟಿಕೆ ಭಂಡಾರ ಬಿಡಬೇಕು, ಇಷ್ಟೇ ಅವನ ಆಸೆ. ಬಸ್ಸಿನ ಕಿಟಕಿಯಂತೆ ಇದೂ ಸರಿಯುತ್ತದೆಂದು ತಿಳಿದಿದ್ದ, ಪಾಪ.

ನಿಲ್ದಾಣದಲ್ಲಿ ತಪಾಸಣೆಯವನು ಭಂಡಾರದ ಗಂಟು ಬಿಚ್ಚಿಸಿ ಮೂಸಿ ನೋಡಿದ. ಅಮಸಿದ್ದಪ್ಪನಿಗೆ ಮೈಯೆಲ್ಲ ಉರಿಯಿತು. ಸಿಟ್ಟಿಗೆ ಮೂರು ಬಿಗಿ ಹಾಕಿ ಮತ್ತೆ ಕಟ್ಟಿಕೊಂಡ.

ವಿಮಾನ ಏರಿತು. ಅವನಿಗೆ ಅವಸರವಿರಲಿಲ್ಲ. ಬೀಳಗಿಯಿಂದ ಬರುವಾಗ ಬಸ್ಸೇ ಅರ್ಧ ದಿನ ತಿಂದಿತ್ತಲ್ಲ! ಕಿಟಕಿಯ ಪಕ್ಕ ಕೂತು ಬುತ್ತಿ ಬಿಚ್ಚಿ, ಶೇಂಗಾ ಹಿಂಡಿ ಹಚ್ಚಿಕೊಂಡು ಎರಡು ರೊಟ್ಟಿ ತಿಂದ. ಕೆಳಗೆ ಎಲ್ಲೋ ನೀರು ಮಿಂಚಿತು. ಯಾವುದೋ ಕೆರೆ ಅಂದುಕೊಂಡ. ಕೈ ಒರೆಸಿಕೊಂಡು, ಅನಗವಾಡಿ ಬಂದಾಗ ಹೇಳು ಎಂದ.

"ಅದು ಆಗಳೇ ಹೋತಲ್ಲಪ್ಪಾ," ಎಂದಳು ವೈಶಾಲಿ. "ನೀ ರೊಟ್ಟಿ ತಿನ್ನಾಕತ್ತಿದ್ದಿ. ಏರಿದ ಇಪ್ಪತ್ತು ನಿಮಿಷಕ್ಕ ಹೊಳಿ ದಾಟೇತಿ."

ಅಮಸಿದ್ದಪ್ಪ ಗಂಟಿಗೆ ಕೈ ಹಾಕಿದ. ಮೂರರಲ್ಲಿ ಒಂದು ಬಿಗಿಯೂ ಸಡಿಲಲಿಲ್ಲ. ಕೆಳಗೆ ಬರೀ ಮೋಡ. ಮಗಳು ಮಲಗಿದ್ದ ನೀರನ್ನು ರೊಟ್ಟಿ ಅಗಿಯುತ್ತ ನೋಡಿದ್ದ, ಗುರುತು ಹಿಡಿದಿರಲಿಲ್ಲ.

"ಇಪ್ಪತ್ತ ನಿಮಿಷ," ಎಂದ. "ಅವತ್ತ ನಾ ಇಷ್ಟ ಸಮೀಪ ಇದ್ನೇನ ಬೇ?"

ಅವತ್ತು ಅಂದರೆ ಯಾವತ್ತು ಎಂದು ವೈಶಾಲಿ ಕೇಳಿದಳು. ಅವನು ಹೇಳಿದ. ತನಗಿಂತ ಮೊದಲು ಮನೆಯಲ್ಲಿ ಒಂದು ತೊಟ್ಟಿಲು ತೂಗಿತ್ತೆಂದು ಅವಳಿಗೆ ಗೊತ್ತಾದದ್ದು ಆಗಲೇ.

ಮೂರನೆಯ ದಿನ ಅದೇ ದಾರಿಯಲ್ಲಿ ವಾಪಸು. ಈ ಸಲ ಅವನು ಬುತ್ತಿ ಮುಟ್ಟಲಿಲ್ಲ. ಕಿಟಕಿ ತೆರೆಯುವುದಿಲ್ಲವೆಂದು ವೈಶಾಲಿ ಮೊದಲೇ ತಿಳಿಸಿದ್ದಳು. ಹಾಗಾದರೆ ಗಾಜಿಗೇ ಹಚ್ಚುತ್ತೇನೆ ಎಂದಿದ್ದ. ವಿಮಾನ ಕದಲುವ ಮೊದಲೇ ಗಂಟು ಬಿಚ್ಚಿ, ತೊಡೆಯ ಮೇಲೆ ಇಟ್ಟುಕೊಂಡು ಕೂತ.

ವೈಶಾಲಿ ಪಕ್ಕದಿಂದ ಅಂಗೈ ಚಾಚಿದಳು.

"ನನಗೂ ಒಂದ ಚಿಟಿಗಿ ಕೊಡಪ್ಪಾ. ಅಕ್ಕಗ ಹಚ್ಚತೀನಿ."